ಪಕ್ಕದ ಮನೆಯ ಅಜ್ಜಿ ‘ನಾನು ವಿಚ್’ ಎಂದರು. ವಿಕ್ಕಾ ಬಗ್ಗೆ ತಿಳಿದವರು ಹೇಳಿ

ಸೀಗೆಹೊಲ

ಎಲ್ಲರಿಗೂ ನಮಸ್ಕಾರ. ನನ್ನೂರು ಹಾಸನದ ಕಡೆ. ಇಂಗ್ಲೆಂಡಿನ ಸೋಮರ್ಸೆಟ್ ಸೀಮೆಗೆ ಬಂದು ನಾಲ್ಕು ವರ್ಷವಾಯಿತು. ಗ್ಲಾಸ್ಟನ್‌ಬರಿ ಇಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ ದಾರಿ.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಇದ್ದಾರೆ. ಲೈಬ್ರರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಬಂದ ಮೊದಲ ಚಳಿಗಾಲದಲ್ಲಿ ನಾನು ಇಡೀ ದಿನ ಮನೆಯಲ್ಲಿ ಒಬ್ಬಳೇ ಇರುತ್ತಿದ್ದೆ. ಆಗ ಬಾಗಿಲು ತಟ್ಟಿ ಬಿಸಿ ಸೂಪ್ ಕೊಟ್ಟು ಹೋಗುತ್ತಿದ್ದವರು ಅವರೊಬ್ಬರೇ. ಮೊನ್ನೆ ಬೇಲಿ ಹತ್ತಿರ ನಿಂತು, ‘ಅಕ್ಟೋಬರ್ 31ರ ರಾತ್ರಿ ನಮ್ಮ ಮನೆಗೆ ಊಟಕ್ಕೆ ಬಾ. ತೀರಿಕೊಂಡವರಿಗೂ ಒಂದು ತಟ್ಟೆ ಇಡುತ್ತೇವೆ. ನಿನ್ನ ಅಜ್ಜಿ ಹೋದರು ಎಂದಿದ್ದೆಯಲ್ಲ’ ಎಂದರು. ಯಾವ ಹಬ್ಬ ಎಂದು ಕೇಳಿದೆ. ‘ಸಾವಿನ್’ ಎಂದರು. ನನ್ನ ಕಿವಿಗೆ ನಮ್ಮ ಸಾವು ಎಂದೇ ಕೇಳಿಸಿತು. ಮೈ ಜುಮ್ಮೆಂದಿತು. ಆಮೇಲೆ ಅವರೇ ಸಲೀಸಾಗಿ ಹೇಳಿದರು. ‘ನಾನು ವಿಕ್ಕಾ ನಂಬುವವಳು. ವಿಚ್.’

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ‘ವಿಚ್ ಅಂದ್ರೆ ಮಾಟಗಾತಿ ತಾನೇ? ಆ ಮನೇಲಿ ಒಂದು ತೊಟ್ಟು ನೀರೂ ಕುಡೀಬೇಡ’ ಎಂದು ಹೆದರಿಬಿಟ್ಟರು.

ನಮ್ಮಜ್ಜಿ ಹೋದದ್ದು ಯುಗಾದಿ ಆದ ಮೇಲೆ. ನನಗೆ ಊರಿಗೆ ಹೋಗಲು ಆಗಲಿಲ್ಲ. ಪಕ್ಷದ ಹಬ್ಬಕ್ಕೂ ಇಲ್ಲಿ ಎಡೆ ಇಡಲಿಲ್ಲ. ಅದು ಮನಸ್ಸನ್ನು ಕೊರೆಯುತ್ತಲೇ ಇದೆ. ಅದಕ್ಕೇ ಅವರು ಕರೆದಾಗ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಈ ವಿಕ್ಕಾ ಎಂದರೆ ಏನು? ಎಷ್ಟು ಹಳೆಯದು? ಹೋಗಬಹುದಾ?

ಹೊಂಗೆನೆರಳು

ಧೈರ್ಯವಾಗಿ ಹೋಗಿ. ನಾನು ಟೆಕ್ಸಸ್‌ನಲ್ಲಿದ್ದೇನೆ. ಒಂಬತ್ತು ವರ್ಷದಿಂದ ವಿಕ್ಕಾ ದಾರಿಯಲ್ಲಿದ್ದೇನೆ. ಮನೆಯಲ್ಲಿ ದೇವರ ಗೂಡೂ ಇದೆ, ಶುಕ್ರವಾರ ತಪ್ಪದೆ ದೀಪ ಹಚ್ಚುತ್ತೇನೆ. ನನಗೆ ಎರಡೂ ಬೇಕು.

ಮೊದಲು ಆ ಹೆಸರು. ಸಾವಿನ್‌ಗೂ ನಮ್ಮ ಸಾವಿಗೂ ನಂಟಿಲ್ಲ, ಕೇಳಲು ಹಾಗಿದೆ ಅಷ್ಟೇ. ಅದು ಐರ್ಲೆಂಡಿನ ಮಾತು. ಐರಿಷ್ ಭಾಷೆಯಲ್ಲಿ ಈಗಲೂ ನವೆಂಬರ್ ತಿಂಗಳಿಗೆ ಅದೇ ಹೆಸರು. ಬೆಳೆ ಮನೆ ಸೇರಿ, ದನಕರು ಬೆಟ್ಟದ ಹುಲ್ಲಿನಿಂದ ಕೆಳಗಿಳಿದು, ಚಳಿ ಶುರುವಾಗುವ ಹೊತ್ತು.

ವಿಕ್ಕಾದಲ್ಲಿ ಒಬ್ಬಳು ದೇವಿ, ಒಬ್ಬ ಕೊಂಬಿನ ದೇವರು. ದೇವಿಯನ್ನು ಚಂದ್ರನ ಜೊತೆ ನೆನೆಯುತ್ತೇವೆ. ವರ್ಷಕ್ಕೆ ಎಂಟು ಹಬ್ಬ, ಅದಲ್ಲದೆ ಹುಣ್ಣಿಮೆ. ಗುಡಿ ಬೇಕಿಲ್ಲ. ನೆಲದ ಮೇಲೆ ಒಂದು ವೃತ್ತ ಬರೆದು, ಮೂಡಣಕ್ಕೆ ಗಾಳಿ, ತೆಂಕಣಕ್ಕೆ ಬೆಂಕಿ, ಪಡುವಣಕ್ಕೆ ನೀರು, ಬಡಗಣಕ್ಕೆ ಮಣ್ಣು ಎಂದು ನಾಲ್ಕು ದಿಕ್ಕನ್ನೂ ಕರೆಯುತ್ತೇವೆ. ಕಪ್ಪು ಹಿಡಿಯ ಒಂದು ಚಾಕು ಇರುತ್ತದೆ. ಅದರಿಂದ ವೃತ್ತ ಬರೆಯುತ್ತೇವೆ. ಏನನ್ನೂ ಕೊಯ್ಯುವುದಿಲ್ಲ, ರಕ್ತವಂತೂ ಇಲ್ಲವೇ ಇಲ್ಲ. ಕೊನೆಗೆ ಕೇಕ್, ವೈನ್ ಹಂಚಿಕೊಂಡು ದಿಕ್ಕುಗಳಿಗೆ ಕೈಮುಗಿದು ವೃತ್ತ ಬಿಚ್ಚುತ್ತೇವೆ.

ಮ್ಯಾಜಿಕ್ ಎಂದರೆ ಏನು ಎಂದು ನಿಮ್ಮ ಅಮ್ಮ ಕೇಳಿದರೆ ಹೀಗೆ ಹೇಳಿ. ಕಾಯಿಲೆ ವಾಸಿಯಾಗಲಿ, ಕೆಲಸ ಸಿಗಲಿ ಎಂದು ಮೇಣದಬತ್ತಿಯ ಮೇಲೆ ಗುರುತು ಕೆತ್ತಿ, ಎಣ್ಣೆ ಸವರಿ, ಅದು ಉರಿದು ಮುಗಿಯುವ ತನಕ ಮನಸ್ಸನ್ನು ಅಲ್ಲೇ ಇಡುವುದು. ಹರಕೆ ಹೊತ್ತುಕೊಂಡ ಹಾಗೆ. ಯಾರಿಗೂ ಕೇಡಾಗದ ಹಾಗೆ ಏನು ಬೇಕಾದರೂ ಮಾಡು ಎನ್ನುವುದು ನಮ್ಮಲ್ಲಿ ಮೊದಲು ಕಲಿಸುವ ಮಾತು.

ಇದು ಕ್ರೈಸ್ತ ಧರ್ಮಕ್ಕಿಂತ ಹಳೆಯದು. 90 ಲಕ್ಷ ಹೆಂಗಸರನ್ನು ಸುಟ್ಟರೂ ಗುಟ್ಟಾಗಿ ಉಳಿದುಕೊಂಡು ಬಂತು.

ಹಳೇಬೇರು

ಹೊಂಗೆನೆರಳು ಅವರೇ, ಆಚರಣೆಯನ್ನು ಚೆನ್ನಾಗಿ ತಿಳಿಸಿದ್ದೀರಿ. ಕೊನೆಯ ಎರಡು ಸಾಲು ಮಾತ್ರ ಸರಿಯಿಲ್ಲ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು, ಅದನ್ನು ನೋಡಿಯೂ ಸುಮ್ಮನಿರಲು ಆಗುವುದಿಲ್ಲ.

90 ಲಕ್ಷ ಎನ್ನುವ ಲೆಕ್ಕವನ್ನು 18ನೇ ಶತಮಾನದ ಒಬ್ಬ ಜರ್ಮನ್ ಬರಹಗಾರ ತೆಗೆದ. ಒಂದೇ ಊರಿನ ದಾಖಲೆ ಹಿಡಿದು ಇಡೀ ಯುರೋಪಿಗೆ ಹಿಗ್ಗಿಸಿದ. ಈಗ ಕೋರ್ಟು ದಾಖಲೆಗಳನ್ನು ಕೂತು ಓದಿದವರು ಹೇಳುವ ಸಂಖ್ಯೆ 40ರಿಂದ 60 ಸಾವಿರ, ಅದೂ ಸುಮಾರು 1450ರಿಂದ 1750ರವರೆಗಿನ ಮುನ್ನೂರು ವರ್ಷದಲ್ಲಿ. ಹೆಚ್ಚಿನವರು ಹೆಂಗಸರು ನಿಜ, ಆದರೆ ಗಂಡಸರೂ ಇದ್ದರು. ಇಂಗ್ಲೆಂಡಿನಲ್ಲಿ ಸುಡುತ್ತಿರಲಿಲ್ಲ, ನೇಣು ಹಾಕುತ್ತಿದ್ದರು. 40 ಸಾವಿರವೇ ಎದೆ ನಡುಗಿಸುವ ಸಂಖ್ಯೆ. ಅದನ್ನು ಹಿಗ್ಗಿಸುವ ಅಗತ್ಯವಿಲ್ಲ.

ಸತ್ತವರು ಗುಟ್ಟಾಗಿ ಹಳೆಯ ದೇವಿಯನ್ನು ಪೂಜಿಸುತ್ತಿದ್ದರು ಎನ್ನುವುದೂ ನಿಲ್ಲುವ ಮಾತಲ್ಲ. ಅವರು ಚರ್ಚಿಗೆ ಹೋಗುತ್ತಿದ್ದ ಸಾಮಾನ್ಯ ಜನ. ಹಸು ಹಾಲು ಕೊಡಲಿಲ್ಲ, ಮಗು ಸತ್ತಿತು, ಪಕ್ಕದ ಮನೆಯವಳ ಮೇಲೆ ಅನುಮಾನ ಬಂತು. ಇಷ್ಟು ಸಾಕಾಗುತ್ತಿತ್ತು. ಗುಟ್ಟಿನ ಧರ್ಮದ ಕಥೆಯನ್ನು ಎಲ್ಲರ ಮನಸ್ಸಿಗೆ ಇಳಿಸಿದವರು ಮಾರ್ಗರೆಟ್ ಮರ್ರೆ. 1863ರಲ್ಲಿ ಹುಟ್ಟಿದ್ದು ನಮ್ಮ ಕಲ್ಕತ್ತದಲ್ಲಿ. ಈಜಿಪ್ಟಿನ ಪ್ರಾಚೀನ ವಿಷಯಗಳಲ್ಲಿ ದೊಡ್ಡ ವಿದ್ವಾಂಸೆ. 1921ರಲ್ಲಿ ಈ ವಾದ ಮಂಡಿಸಿದರು. ತಮಗೆ ಬೇಕಾದ ಹೇಳಿಕೆಗಳನ್ನು ಮಾತ್ರ ಆರಿಸಿಕೊಂಡಿದ್ದರು ಎಂದು ಮುಂದಿನವರು ತೋರಿಸಿಕೊಟ್ಟರು.

ಆ ಕಥೆಯನ್ನು ನಂಬಿ ಅದಕ್ಕೆ ಜೀವ ಕೊಟ್ಟವರು ಜೆರಾಲ್ಡ್ ಗಾರ್ಡ್ನರ್. 1884ರಲ್ಲಿ ಹುಟ್ಟಿದವರು. ಸಿಲೋನ್, ಬೋರ್ನಿಯೊ, ಮಲಯಾಗಳಲ್ಲಿ ವರ್ಷಗಟ್ಟಲೆ ದುಡಿದು 1936ರಲ್ಲಿ ನಿವೃತ್ತರಾದರು. ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಕಾಡಿನ ಹತ್ತಿರ 1939ರಲ್ಲಿ ಒಂದು ಗುಂಪು ತಮಗೆ ದೀಕ್ಷೆ ಕೊಟ್ಟಿತು ಎಂದು ಹೇಳಿಕೊಂಡರು. ಮಾಟ ಬಲ್ಲೆ ಎಂದು ಹೇಳಿಕೊಳ್ಳುವವರನ್ನು ಶಿಕ್ಷಿಸುತ್ತಿದ್ದ 1735ರ ಹಳೆಯ ಕಾನೂನು 1951ರಲ್ಲಿ ರದ್ದಾಯಿತು. 1954ರಲ್ಲಿ ಅವರ ಪುಸ್ತಕ ಬಂತು. ವಿಕ್ಕಾ ಜನರ ಮುಂದೆ ಬಂದದ್ದು ಹೀಗೆ. ಈಗ ಹೇಳುವ ಸುಂದರವಾದ ಸ್ತುತಿಗಳಲ್ಲಿ ಬಹಳಷ್ಟನ್ನು ಬರೆದವರು ಅವರ ಶಿಷ್ಯೆ ಡೋರೀನ್ ವ್ಯಾಲಿಯೆಂಟಿ. ಗಾರ್ಡ್ನರ್ ಬೇರೆಯವರಿಂದ ಎತ್ತಿಕೊಂಡಿದ್ದ ಸಾಲುಗಳನ್ನು ಗುರುತು ಹಿಡಿದು, ಅವನ್ನು ತೆಗೆದುಹಾಕಿ ತಾವೇ ಹೊಸದಾಗಿ ಬರೆದರು. ನನಗೆ ಈ ಇಡೀ ಕಥೆಯಲ್ಲಿ ಅತಿ ಹೆಚ್ಚು ಗೌರವ ಇರುವುದು ಅವರ ಮೇಲೆ.

ಎಂಟು ಹಬ್ಬಗಳ ಚಕ್ರವೂ 1950ರ ದಶಕದ ಕೊನೆಗೆ ಒಟ್ಟುಗೂಡಿದ್ದು. ಬಿಡಿಬಿಡಿಯಾಗಿ ಕೆಲವು ಬಹಳ ಹಳೆಯವು. ಸೆಪ್ಟೆಂಬರಿನ ಹಬ್ಬಕ್ಕೆ ಮೇಬನ್ ಎಂಬ ಹೆಸರು ಬಂದದ್ದು 1970ರ ದಶಕದಲ್ಲಿ, ಅಮೆರಿಕದಲ್ಲಿ.

ಸೀಗೆಹೊಲ ಅವರೇ, ಇಷ್ಟು ಹೇಳಿದ್ದು ನೀವು ಹೋಗಬೇಡಿ ಎಂದಲ್ಲ. ಎಪ್ಪತ್ತು ವರ್ಷದ ಧರ್ಮವನ್ನು ಎಪ್ಪತ್ತು ವರ್ಷದ್ದು ಎಂದೇ ತಿಳಿದು ಹೋಗಿ.

ನೇರನುಡಿ

ನನಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ವಿಚ್ ಎಂದು ಹೆಮ್ಮೆಯಿಂದ ಹೇಳಿಕೊಳ್ಳಲು ಇಂಗ್ಲೆಂಡಿನ ಆ ಅಜ್ಜಿಗೆ ಆಗುತ್ತದೆ. ನಮ್ಮ ದೇಶದಲ್ಲಿ ಅದೇ ಹಣೆಪಟ್ಟಿ ಇಂದಿಗೂ ಹೆಂಗಸರ ಪ್ರಾಣ ತೆಗೆಯುತ್ತದೆ. ಬಿಹಾರ 1999ರಲ್ಲಿ, ಜಾರ್ಖಂಡ್ 2001ರಲ್ಲಿ ಇದಕ್ಕಾಗಿಯೇ ಕಾನೂನು ಮಾಡಬೇಕಾಯಿತು. ಜಾರ್ಖಂಡಿನ ಛುಟ್ನಿ ಮಹತೋ ಅವರಿಗೆ 1995ರಲ್ಲಿ ಊರಿನವರೇ ಡಾಯನ್, ಅಂದರೆ ಮಾಟಗಾತಿ, ಎಂದು ಹೆಸರಿಟ್ಟು ಚಿತ್ರಹಿಂಸೆ ಕೊಟ್ಟರು. ಅವರು ಬದುಕಿ ಉಳಿದರು. ಹಾಗೆ ಹಣೆಪಟ್ಟಿ ಹೊತ್ತ ಬೇರೆ ಹೆಂಗಸರ ಪರ ನಿಂತರು. 2021ರಲ್ಲಿ ಪದ್ಮಶ್ರೀ ಬಂತು.

ಕರ್ನಾಟಕದಲ್ಲೂ ಅಮಾನವೀಯ ಪದ್ಧತಿ ಮತ್ತು ವಾಮಾಚಾರ ತಡೆಯುವ ಕಾಯ್ದೆ 2017ರಲ್ಲಿ ಆಯಿತು, 2020ರ ಜನವರಿಯಲ್ಲಿ ಜಾರಿಗೆ ಬಂತು. ಅದಕ್ಕೇ ಹೇಳುತ್ತೇನೆ, ವಿಚ್ ಎನ್ನುವುದನ್ನು ಮಾಟಗಾತಿ ಎಂದು ಕನ್ನಡ ಮಾಡಬೇಡಿ. ಮಾಟಗಾತಿ ಎಂದು ನಮ್ಮಲ್ಲಿ ಯಾರೂ ತಮ್ಮನ್ನು ತಾವು ಕರೆದುಕೊಂಡಿಲ್ಲ. ಅದು ಬೇರೆಯವರು ಅಂಟಿಸುವ ಹೆಸರು. ಸೀಗೆಹೊಲ ಅವರ ಅಮ್ಮ ಹೆದರಿದ್ದು ಆ ಅಜ್ಜಿಗಲ್ಲ, ಈ ಮಾತಿಗೆ.

ಹೊಂಗೆನೆರಳು

ಹಳೇಬೇರು ಸರ್, 90 ಲಕ್ಷದ ಮಾತು ನಾನು ದೀಕ್ಷೆ ತೆಗೆದುಕೊಂಡಾಗ ಕೇಳಿದ್ದು. ಹುಡುಕಿ ನೋಡಿದೆ, ನೀವು ಹೇಳಿದ್ದೇ ಸರಿ. ಇನ್ನು ಮುಂದೆ ಹೇಳುವುದಿಲ್ಲ.

ನೇರನುಡಿ ಅವರೇ, ನಿಮ್ಮ ಬರಹ ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ನಾನೂ ಊರಲ್ಲಿ ಈ ಮಾತು ಬಳಸುವುದಿಲ್ಲ. ಇಲ್ಲೂ ಎಲ್ಲ ಸುಲಭವಾಗಿ ಬಂದಿಲ್ಲ. ಯುದ್ಧದಲ್ಲಿ ಸತ್ತ ವಿಕ್ಕಾ ಸೈನಿಕರ ಸಮಾಧಿಯ ಕಲ್ಲಿನ ಮೇಲೆ ಅವರ ಐದು ಮೂಲೆಯ ನಕ್ಷತ್ರ ಕೆತ್ತಲು ಅಮೆರಿಕ ಸರ್ಕಾರ ಒಪ್ಪಿದ್ದು 2007ರಲ್ಲಿ. ಅದೂ ಕೋರ್ಟಿಗೆ ಹೋದ ಮೇಲೆ.

ಬಡಗಣಗಾಳಿ

ನಾನು ಓದಲು ಬಂದು ಐಸ್‌ಲ್ಯಾಂಡಿನಲ್ಲಿದ್ದೇನೆ. ಇಲ್ಲಿ ಥೋರ್, ಓಡಿನ್, ಫ್ರೇಯಾ ಇವರನ್ನು ಪೂಜಿಸುವ ಆಸಾತ್ರು ಎಂಬ ಧರ್ಮ ಇದೆ. ವಿಕ್ಕಾಗಿಂತ ಬೇರೆ. 1972ರಲ್ಲಿ ಸ್ವೇನ್‌ಬ್ಯೋರ್ನ್ ಬೇನ್‌ಟೇನ್ಸನ್ ಎಂಬ ಕುರಿ ಸಾಕುವ ರೈತ ಕೆಲವರನ್ನು ಕಟ್ಟಿಕೊಂಡು ಶುರು ಮಾಡಿದರು. ಅವರು ಹಳೆಯ ಲಾವಣಿಗಳನ್ನು ಹಾಡುತ್ತಿದ್ದ ಕವಿಯೂ ಹೌದು. 1973ರಲ್ಲಿ ಸರ್ಕಾರ ಮನ್ನಣೆ ಕೊಟ್ಟಿತು. ಇಲ್ಲಿ ಯಾರೂ ಇದು ಮುರಿಯದೆ ಬಂದ ಪರಂಪರೆ ಎನ್ನುವುದಿಲ್ಲ. ಈ ನಾಡು 1000ನೇ ಇಸವಿಯ ಹೊತ್ತಿಗೆ ತನ್ನ ಸಭೆಯಲ್ಲಿ ಕೂತು ಕ್ರೈಸ್ತ ಧರ್ಮಕ್ಕೆ ಬರಲು ತೀರ್ಮಾನಿಸಿತು. ದೇವರ ಕಥೆಗಳನ್ನು ಗದ್ಯದಲ್ಲಿ ಬರೆದಿಟ್ಟ ಸ್ನೋರಿ ಸ್ಟುರ್ಲುಸನ್ ಅದಾಗಿ ಇನ್ನೂರು ವರ್ಷದ ಮೇಲೆ ಬದುಕಿದ ಕ್ರೈಸ್ತ. ಅವನು ಬರೆಯದಿದ್ದರೆ ಥೋರ್‌ನ ಎಷ್ಟೋ ಕಥೆ ನಮಗೆ ಸಿಗುತ್ತಲೇ ಇರಲಿಲ್ಲ.

ನನಗೆ ತುಂಬಾ ಹಿಡಿಸಿದ್ದು ವಾರದ ಹೆಸರುಗಳು. ನಮ್ಮ ಮಂಗಳ, ಬುಧ, ಗುರು, ಶುಕ್ರ ರೋಮನ್ನರ ವಾರದಲ್ಲೂ ಇದೇ ಗ್ರಹಗಳು, ಇದೇ ಸಾಲು. ಜರ್ಮನ್ ಕಡೆಯ ಜನ ಆ ವಾರವನ್ನು ತೆಗೆದುಕೊಂಡಾಗ ಮಂಗಳನ ಜಾಗದಲ್ಲಿ ಟೀರ್, ಬುಧನ ಜಾಗದಲ್ಲಿ ಓಡಿನ್, ಗುರುವಿನ ಜಾಗದಲ್ಲಿ ಥೋರ್, ಶುಕ್ರನ ಜಾಗದಲ್ಲಿ ಫ್ರಿಗ್ ಕೂತರು. ನಮ್ಮ ಗುರುವಾರವೇ ಇಂಗ್ಲಿಷಿನ ಥರ್ಸ್‌ಡೇ, ಥೋರ್‌ನ ದಿನ. ಆದರೆ ಕಥೆಗಳನ್ನು ಇಷ್ಟು ಜೋಪಾನ ಮಾಡಿದ ಐಸ್‌ಲ್ಯಾಂಡಿನಲ್ಲಿ ಆ ಹೆಸರು ಉಳಿದಿಲ್ಲ! ಮೂರನೇ ದಿನ, ವಾರದ ನಡು, ಐದನೇ ದಿನ ಎನ್ನುತ್ತಾರೆ. 12ನೇ ಶತಮಾನದ ಒಬ್ಬ ಬಿಷಪ್ ಹಳೆಯ ದೇವರ ಹೆಸರು ಬೇಡ ಎಂದು ಬದಲಿಸಿದ ಎಂದು ಹೇಳುತ್ತಾರೆ.

ಇನ್ನೊಂದು ವಿಷಯ ಬೇಸರದ್ದು. ಉತ್ತರ ಯುರೋಪಿನ ಹಳೆಯ ರೂನ್ ಅಕ್ಷರಗಳನ್ನು ಹಿಟ್ಲರನ ಪಡೆ ತನ್ನ ಗುರುತು ಮಾಡಿಕೊಂಡಿತ್ತು. ಈಗಲೂ ಬಿಳಿಯರ ಮೇಲ್ಮೆ ಸಾರುವವರು ಅವನ್ನು ಎತ್ತಿಕೊಳ್ಳುತ್ತಾರೆ. ಇಲ್ಲಿನ ಆಸಾತ್ರು ಸಂಘ ಅದನ್ನು ಬಹಿರಂಗವಾಗಿ ತಿರಸ್ಕರಿಸಿದೆ. ಒಂದು ಬೇಸಿಗೆಯಲ್ಲಿ ಅವರ ಕೂಟಕ್ಕೆ ನಾನು ಹೋಗಿದ್ದೆ. ಕುಡಿಯುವ ಕೊಂಬಿನ ಪಾತ್ರೆ ಕೈಯಿಂದ ಕೈಗೆ ಬಂತು, ನನ್ನ ಕೈಗೂ ಬಂತು.

ಮಾವಿನತೋಪು

ವಿಕ್ಕಾದ ಕೊಂಬಿನ ದೇವರು ಮೊಹೆಂಜೊದಾರೊ ಮುದ್ರೆಯ ಪಶುಪತಿ ತಾನೇ? ಚಿತ್ರ ನೋಡಿದರೆ ಒಂದೇ ತರ ಇದೆ, ಅಲ್ವಾ?

ಹಳೇಬೇರು

ನೋಡಲು ಹೋಲುತ್ತದೆ. ನೀವು ನೋಡಿರುವುದು ಗುಂಡೆಸ್ಟ್ರುಪ್ ಬೆಳ್ಳಿ ಪಾತ್ರೆಯ ಚಿತ್ರ ಇರಬೇಕು. ಅದು 1891ರಲ್ಲಿ ಡೆನ್ಮಾರ್ಕಿನ ಜೌಗು ನೆಲದಲ್ಲಿ ಸಿಕ್ಕಿತು. ಜಿಂಕೆಯ ಕೊಂಬಿನವನು ಕಾಲು ಮಡಚಿ ಕೂತಿದ್ದಾನೆ, ಸುತ್ತ ಪ್ರಾಣಿಗಳು. ಆದರೆ ಮೊಹೆಂಜೊದಾರೊ ಮುದ್ರೆಗೂ ಅದಕ್ಕೂ ನಡುವೆ ಹತ್ತಿರ ಹತ್ತಿರ ಎರಡು ಸಾವಿರ ವರ್ಷ. ಮುದ್ರೆಯಲ್ಲಿರುವುದು ಶಿವನೇ ಎನ್ನುವುದೂ ತೀರ್ಮಾನವಾಗಿಲ್ಲ. ಕೊಂಬಿನ ದೇವರ ಹೆಸರು, ಕೆರ್ನುನೋಸ್, ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿನ ಕೆಳಗೆ 1710ರಲ್ಲಿ ಸಿಕ್ಕ ಕಲ್ಲಿನ ಕಂಬದ ಮೇಲಿದೆ. ಅವನ ಒಂದು ಕಥೆಯೂ ನಮ್ಮ ತನಕ ಬಂದಿಲ್ಲ.

ಉಳಿದುಕೊಂಡವರೂ ಇದ್ದಾರೆ. ಐರ್ಲೆಂಡಿನ ಬ್ರಿಜಿಡ್ ಹಳೆಯ ಕಥೆಗಳಲ್ಲಿ ದೇವತೆ, ಚರ್ಚಿನಲ್ಲಿ ಸಂತಳು. ಕಿಲ್‌ಡೇರ್‌ನಲ್ಲಿ ಅವಳ ಹೆಸರಿನ ಬೆಂಕಿಯನ್ನು ಸನ್ಯಾಸಿನಿಯರು ಆರದಂತೆ ಕಾಯುತ್ತಿದ್ದರು ಎಂದು 12ನೇ ಶತಮಾನದ ಬರಹವಿದೆ. ಆ ಬೆಂಕಿ ಆರಿ ಹೋಗಿತ್ತು. 1993ರಲ್ಲಿ ಕ್ರೈಸ್ತ ಸನ್ಯಾಸಿನಿಯರೇ ಮತ್ತೆ ಹಚ್ಚಿದರು. 2023ರಿಂದ ಅವಳ ಹೆಸರಲ್ಲಿ ಐರ್ಲೆಂಡಿನಲ್ಲಿ ಸರ್ಕಾರಿ ರಜೆ ಇದೆ.

ಕೆರೆದಂಡೆ

ವಿಕ್ಕಾ, ಆಸಾತ್ರು ತರದ ಧರ್ಮದವರನ್ನು ಪೇಗನ್ ಎನ್ನುತ್ತಾರೆ. ಆ ಮಾತಿನ ಮೂಲ ಲ್ಯಾಟಿನ್. ಹಳ್ಳಿ ಸೀಮೆಯವನು ಎಂಬ ಅರ್ಥ ಅದಕ್ಕೆ. ಹಳ್ಳಿಯವರನ್ನು ಹೀಗೆ ಕರೆದದ್ದು ಪಟ್ಟಣದ ಹೊಸ ಧರ್ಮದವರು ಎಂದು ಕೆಲವರು ಹೇಳುತ್ತಾರೆ. ಅದನ್ನು ಓದಿದಾಗ ನನಗೆ ನಮ್ಮ ಊರ ಮಾರಮ್ಮ ನೆನಪಾದಳು.

ಮಂಡ್ಯದ ಹತ್ತಿರ ನಮ್ಮೂರು. ಹಬ್ಬದ ದಿನ ತಂಬಿಟ್ಟಿನ ಆರತಿ ಯಾರ ಮನೆಯಿಂದ ಮೊದಲು ಹೊರಡಬೇಕು, ತಮಟೆ ಎಲ್ಲಿ ನಿಲ್ಲಬೇಕು ಎಂದು ಯಾರೂ ಪುಸ್ತಕ ನೋಡುವುದಿಲ್ಲ. ಅಜ್ಜಿ ಮಾಡಿದ್ದನ್ನು ಅಮ್ಮ ಮಾಡಿದಳು, ಅಮ್ಮನದನ್ನು ನಾವು ನೋಡಿಕೊಂಡೆವು. ವಿಕ್ಕಾದ ಈ ಜನಕ್ಕೆ ಆ ಅಜ್ಜಿ ಇಲ್ಲ. ಸಾವಿರ ವರ್ಷದ ಹಿಂದೆಯೇ ದಾರ ಕಡಿದು ಹೋಯಿತು. ಅವರು ಪುಸ್ತಕದಿಂದ, ಮುರಿದ ಕಲ್ಲಿನಿಂದ, ಸ್ವಲ್ಪ ಊಹೆಯಿಂದ ಒಬ್ಬ ಅಜ್ಜಿಯನ್ನು ಮಾಡಿಕೊಳ್ಳಬೇಕಾಯಿತು. ಗುಟ್ಟಾಗಿ ಉಳಿದು ಬಂತು ಎಂಬ ಕಥೆ ಅವರಿಗೆ ಯಾಕೆ ಅಷ್ಟು ಬೇಕಾಗಿತ್ತು ಎನ್ನುವುದು ನನಗೆ ಅರ್ಥವಾಗುತ್ತದೆ.

ಇನ್ನೊಂದನ್ನೂ ಮುಚ್ಚಿಡಬಾರದು. ತಮಟೆ ಹೊಡೆಯುವವರು ಗುಡಿಯ ಹೊರಗೇ ನಿಲ್ಲುವ ಊರುಗಳು ಇಂದಿಗೂ ಇವೆ. ನಮ್ಮ ಅಜ್ಜಿಯರು ಕೊಟ್ಟದ್ದರಲ್ಲಿ ಅದೂ ಇದೆ. ಬಡಗಣಗಾಳಿ ಅವರ ಕೈಗೂ ಆ ಪಾತ್ರೆ ಬಂತು ಎಂದು ಓದಿ ಸಂತೋಷವಾಯಿತು, ಹೊಟ್ಟೆಗೆ ಸಂಕಟವೂ ಆಯಿತು.

ಸೀಗೆಹೊಲ

ಎಲ್ಲರಿಗೂ ಥ್ಯಾಂಕ್ಸ್. ಹೋಗಿ ಬಂದೆ. ಬರೆಯಲು ಮೂರು ದಿನ ಬೇಕಾಯಿತು.

ಒಟ್ಟು ಆರು ಜನ ಇದ್ದೆವು. ದೀಪ ಹಚ್ಚಿದ ಮೇಲೆ ಊಟ ಮುಗಿಯುವ ತನಕ ಯಾರೂ ಮಾತಾಡುವಂತಿಲ್ಲ. ಮೇಜಿನ ತಲೆಗೆ ಖಾಲಿ ಕುರ್ಚಿ, ಅದರ ಮುಂದೆ ಒಂದು ತಟ್ಟೆ. ಅಜ್ಜಿ ಅಲ್ಲಿ ಗಂಡನ ಹಳೆಯ ಮಗ್ ಇಟ್ಟು ಟೀ ಹಾಕಿ ಮೂರು ಚಮಚ ಸಕ್ಕರೆ ಕಲಸಿದರು. ಡಾಕ್ಟರ್ ಬೇಡ ಎಂದಿದ್ದರಂತೆ, ಈಗ ಕುಡಿಯಲಿ ಎಂದು ಆಮೇಲೆ ಹೇಳಿದರು. ಒಬ್ಬರು ಮಗಳ ಇಷ್ಟದ ಬಿಸ್ಕೆಟ್ ತಂದಿದ್ದರು. ನಾನು ಬ್ರಿಸ್ಟಲ್‌ಗೆ ಹೋಗಿ ವೀಳ್ಯದೆಲೆ, ಅಡಿಕೆ ತಂದಿದ್ದೆ. ನಮ್ಮಜ್ಜಿಗೆ ಊಟ ಬಿಟ್ಟರೂ ಎಲೆ ಅಡಿಕೆ ಬಿಡಲು ಆಗುತ್ತಿರಲಿಲ್ಲ. ಚೀಟಿಯಲ್ಲಿ ಹೆಸರು ಬರೆಯಲು ಹೇಳಿದರು. ಕನ್ನಡದಲ್ಲೇ ಬರೆದು ಎಲೆಯ ಕೆಳಗೆ ಇಟ್ಟೆ.

ನಮ್ಮ ಮನೆಯಲ್ಲಿ ಎಡೆ ಇಟ್ಟು ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರುತ್ತೇವೆ. ಹಿರಿಯರು ಬಂದು ಉಣ್ಣಲಿ ಎಂದು. ಇವರು ಹಿತ್ತಿಲ ಬಾಗಿಲನ್ನು ಒಂದು ಗೇಣು ತೆರೆದಿಟ್ಟು ಒಳಗೇ ಕೂತರು. ತಣ್ಣನೆ ಗಾಳಿ ಬರುತ್ತಿತ್ತು. ಮೇಣದಬತ್ತಿ ಅಲುಗಾಡಿದಾಗೆಲ್ಲ ನನಗೆ ಅಜ್ಜಿ ನೆನಪಾಗಿ ಅಳು ಬಂತು. ಏಪ್ರಿಲ್‌ನಿಂದ ಅತ್ತಿರಲಿಲ್ಲ. ಯಾರೂ ಸಮಾಧಾನ ಮಾಡಲು ಬರಲಿಲ್ಲ, ಮಾತಾಡುವಂತಿರಲಿಲ್ಲವಲ್ಲ. ಅದೇ ಒಳ್ಳೆಯದಾಯಿತು.

ಊಟ ಮುಗಿದ ಮೇಲೆ ಹಳೇಬೇರು ಸರ್ ಬರೆದದ್ದನ್ನು ಅಜ್ಜಿಗೆ ಹೇಳಿದೆ. ಅವರಿಗೆ ಎಲ್ಲ ಗೊತ್ತು. ‘ಇದನ್ನು ನಾನು ಪುಸ್ತಕ ಓದಿ ಕಲಿತೆ. ನ‌ನ್ನ ಅಮ್ಮ ಚರ್ಚಿಗೆ ಹೋಗುವವರು, ಅವರಿಗೆ ಇದು ಹಿಡಿಸುತ್ತಿರಲಿಲ್ಲ. ನಲವತ್ತು ವರ್ಷದಿಂದ ಒಂದು ವರ್ಷವೂ ತಪ್ಪಿಸಿಲ್ಲ’ ಎಂದರು. ಅವರ ತಟ್ಟೆಗಳ ಅಂಚು ಸವೆದು ಹೋಗಿತ್ತು.

ಮಾರನೇ ದಿನ ಆ ಊಟವನ್ನು ಸೇಬಿನ ಮರದ ಬುಡದಲ್ಲಿ ಇಟ್ಟರು. ನಾನು ಕಿಟಕಿಯಿಂದ ನೋಡುತ್ತಲೇ ಇದ್ದೆ. ಹತ್ತು ನಿಮಿಷಕ್ಕೆ ಕಾಗೆ ಬಂತು.

ಕೆರೆದಂಡೆ

ಮುಟ್ಟಿತು ಬಿಡಿ ಅಕ್ಕ.

ನೇರನುಡಿ

ಅಮ್ಮನಿಗೆ ಹೇಳಿದಿರಾ?

ಸೀಗೆಹೊಲ

ನಿನ್ನೆ ಹೇಳಿದೆ. ವಿಚ್ ಎನ್ನಲಿಲ್ಲ, ಪಕ್ಕದ ಮನೆಯಲ್ಲಿ ಹಿರಿಯರ ಹಬ್ಬ ಮಾಡಿದರು ಎಂದೆ. ಅಜ್ಜಿಗೆ ಎಲೆ ಅಡಿಕೆ ಇಟ್ಟೆ ಎಂದೆ. ಕಾಗೆ ಬಂದದ್ದನ್ನೂ ಹೇಳಿದೆ. ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಎಲೆಗೆ ಸುಣ್ಣ ಹಚ್ಚಿದ್ಯಾ?’ ಎಂದು ಕೇಳಿದರು. ಇಲ್ಲಿ ಸಿಗಲಿಲ್ಲ ಎಂದೆ. ಡಿಸೆಂಬರಿನಲ್ಲಿ ಊರಿಂದ ನಮ್ಮ ಮಾವನ ಮಗ ಬರುತ್ತಾನೆ. ಅವನ ಕೈಲಿ ಸುಣ್ಣದ ಡಬ್ಬಿ ಕಳಿಸುತ್ತಾರಂತೆ. ಎರಡು. ಒಂದು ಆ ಅಜ್ಜಿಯ ಮನೆಯಲ್ಲೇ ಇರಲಿ, ಬರುವ ವರ್ಷಕ್ಕೆ ಬೇಕಾಗುತ್ತದೆ ಎಂದರು.